ಲೈಟ್ ಹತ್ಯಾವ್ರಿ, ನೀರು ಬರವಲ್ವು

ಬೇಸಿಗೆ ಕಾಲಿಟ್ಟಿತೆಂದರೆ ವಿಜಯಪುರದ ಮೆಕ್ಯಾನಿಕ್‌ಗಳಿಗೆ ಸುತ್ತಲ ಹಳ್ಳಿಗಳಿಂದ ಬರುವ ದೂರು ಬಹುಮಟ್ಟಿಗೆ ಹೀಗೇ ಶುರುವಾಗುತ್ತದೆ: “ಲೈಟ್ ಹತ್ಯಾವ್ರಿ, ನೀರು ಬರವಲ್ವು.” ಕೆಟ್ಟಿರುವುದು ಶುದ್ಧ ಕುಡಿಯುವ ನೀರಿನ ಘಟಕದ ನಾಣ್ಯದ ಮಷಿನ್. ಒಂದು ಪುಟ್ಟ ಶೆಡ್, ಗೋಡೆಗೆ ಹೊಂದಿಸಿದ ಸ್ಟೀಲಿನ ಫಲಕ, ಅದರಲ್ಲೊಂದು ನಲ್ಲಿ, ನಾಣ್ಯ ಹಾಕುವ ಸೀಳು, ಮೇಲೆ ಕೆಂಪು ಹಸಿರು ದೀಪ. ದೀಪ ಹತ್ತಿದೆ ಎಂದರೆ ಕರೆಂಟ್ ಇದೆ. ಕರೆಂಟ್ ಇದ್ದೂ ನೀರು ಬರುತ್ತಿಲ್ಲ ಎಂದರೆ ‘ಬೋರ್ಡ್ ಹೋಗ್ಯಾದ’. ದೂರು ಕೊಟ್ಟವರ ತರ್ಕ ಇಷ್ಟು. ಬೋರ್ಡ್ ಬದಲಿಸಿ ದುಡ್ಡು ಎಣಿಸಿಕೊಂಡು ಹೋಗುವ ಎಷ್ಟೋ ರಿಪೇರಿಯವರ ತರ್ಕವೂ ಇಷ್ಟೇ.

ಈ ತರ್ಕ ಮೊದಲ ಮೆಟ್ಟಿಲಲ್ಲೇ ಎಡವಿದೆ. ದೀಪ ಹತ್ತುವುದಕ್ಕೆ ಬೇಕಾದ ಕರೆಂಟಿಗೂ ಮೋಟರ್ ತಿರುಗುವುದಕ್ಕೆ ಬೇಕಾದ ಕರೆಂಟಿಗೂ ಅಜಗಜಾಂತರ. ನೀರು, ಸೋಡಾ, ತಂಪು ಪಾನೀಯ ಕೊಡುವ ಯಾವುದೇ ಮಷಿನ್ ತೆಗೆದುಕೊಳ್ಳಿ, ಅದರಲ್ಲಿರುವ ದೀಪಗಳಷ್ಟು ಸಲೀಸಾಗಿ ಸುಳ್ಳು ಸಾಕ್ಷಿ ಹೇಳುವ ಭಾಗ ಬೇರೊಂದಿಲ್ಲ.

ಇಂಥ ಮಷಿನ್ ಈ ಸೀಮೆಗೆ ಬಂದದ್ದು ಶೋಕಿಗಲ್ಲ. ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ ಸಾರವಾಡದ ಹತ್ತಿರ ಡೋಣಿ ನದಿ ಸಿಗುತ್ತದೆ. ಅದರ ದಂಡೆಯ ಎರೆ ಭೂಮಿ ಬಿಳಿಜೋಳಕ್ಕೆ ಹೆಸರುವಾಸಿ, ಆದರೆ ನದಿಯ ನೀರು ಸವಳು. ಜಿಲ್ಲೆಯ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಲವಣದ ಜೊತೆಗೆ ಫ್ಲೋರೈಡ್ ಕೂಡ ಇದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಕುದಿಸಿದರೆ, ಬಟ್ಟೆಯಲ್ಲಿ ಸೋಸಿದರೆ ಅದು ಹೋಗುವುದಿಲ್ಲ. ಮೋಟರಿನ ಒತ್ತಡದಿಂದ ನೀರನ್ನು ಅತಿ ಸೂಕ್ಷ್ಮ ಪೊರೆಯ ಮೂಲಕ ತಳ್ಳುವ ಆರ್‌ಓ ವಿಧಾನದಲ್ಲಿ ಹೋಗುತ್ತದೆ. ಹಾಗಾಗಿ ಕಳೆದ ದಶಕದಲ್ಲಿ ಕರ್ನಾಟಕ ಸರ್ಕಾರ ಹಳ್ಳಿ ಹಳ್ಳಿಗೂ ಆರ್‌ಓ ಘಟಕ ಹಾಕಿಸುತ್ತ ಬಂತು. ರಾಜ್ಯದಲ್ಲಿ ಅವು ಸಾವಿರಾರು ಇವೆ. 2018ರಲ್ಲಿ ಹೊಸ ತಾಲ್ಲೂಕುಗಳಾದ ತಿಕೋಟಾ ಮತ್ತು ಬಬಲೇಶ್ವರದ ಹಳ್ಳಿಗಳೂ ಆ ಲೆಕ್ಕದಲ್ಲಿ ಸೇರಿವೆ. ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆಯ ಕೆರೆಗಳಿಗೆ ಹರಿದ ಮೇಲೂ ಕುಡಿಯುವ ನೀರಿಗಾಗಿ ನಾಣ್ಯ ಹಿಡಿದು ಮಷಿನ್ ಮುಂದೆ ನಿಲ್ಲುವುದು ತಪ್ಪಿಲ್ಲ.

ನಮಗೆ ತಿಳಿದಿರುವ ಜಗತ್ತಿನ ಮೊದಲ ನಾಣ್ಯದ ಮಷಿನ್ ಕೊಟ್ಟದ್ದೂ ನೀರನ್ನೇ. ಕ್ರಿಸ್ತಶಕ ಒಂದನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ಎಂಬ ತಂತ್ರಜ್ಞ ಗುಡಿಯ ತೀರ್ಥ ಹಂಚುವುದಕ್ಕೆ ಒಂದು ಪಾತ್ರೆಯನ್ನು ವಿವರಿಸಿದ್ದಾನೆ. ಐದು ದ್ರಾಕ್ಮದ ನಾಣ್ಯ ಹಾಕಿದರೆ ಅದು ಒಳಗಿನ ಸನ್ನೆಕೋಲಿನ ತಟ್ಟೆಯ ಮೇಲೆ ಬೀಳುತ್ತದೆ. ತಟ್ಟೆ ಬಾಗಿದಾಗ ಇನ್ನೊಂದು ತುದಿ ಎದ್ದು ಬಿರಡೆ ತೆರೆಯುತ್ತದೆ, ನೀರು ಬರುತ್ತದೆ. ತಟ್ಟೆ ಇನ್ನಷ್ಟು ಬಾಗಿ ನಾಣ್ಯ ಜಾರಿ ಬಿದ್ದಾಗ ಬಿರಡೆ ಮುಚ್ಚುತ್ತದೆ. ಕರೆಂಟಿಲ್ಲ, ದೀಪವಿಲ್ಲ. ನಮ್ಮ ಹಳ್ಳಿಗಳ ನೀರಿನ ಘಟಕದಲ್ಲಿ ನಡೆಯುವುದೂ ಇದೇ ಕೆಲಸ. ಸನ್ನೆಕೋಲು ಮಾಡುತ್ತಿದ್ದದ್ದನ್ನು ಈಗ ಆರೇಳು ವಿದ್ಯುತ್ ಭಾಗಗಳು ಹಂಚಿಕೊಂಡು ಮಾಡುತ್ತವೆ, ಕೆಡುವ ಜಾಗವೂ ಅಷ್ಟೇ ಹೆಚ್ಚು.

ಸೀಳಿನಲ್ಲಿ ಹಾಕಿದ ನಾಣ್ಯ ಮೊದಲು ಸುರುಳಿಗಳ ನಡುವೆ ಹಾದುಹೋಗುತ್ತದೆ. ಆ ಸುರುಳಿಗಳ ಕಾಂತಕ್ಷೇತ್ರ ಲೋಹದ ಜಾತಿ, ದಪ್ಪ, ಅಗಲಕ್ಕೆ ತಕ್ಕಂತೆ ಬದಲಾಗುತ್ತದೆ. ಅಗ್ಗದ ಮಷಿನ್‌ಗಳಲ್ಲಿ ಒಳಗೊಂದು ಮಾದರಿ ನಾಣ್ಯವನ್ನೇ ಸಿಕ್ಕಿಸಿರುತ್ತಾರೆ. ಬಂದ ನಾಣ್ಯ ಅದಕ್ಕೆ ಹೊಂದಿದರೆ ಒಳಗೆ, ಇಲ್ಲದಿದ್ದರೆ ಕೆಳಗಿನ ತಟ್ಟೆಗೆ ವಾಪಸ್. ನಮ್ಮ ಐದು ರೂಪಾಯಿ ನಾಣ್ಯ ಮೊದಲು 9 ಗ್ರಾಂ ತೂಕದ ತಾಮ್ರ ನಿಕ್ಕಲ್ ಮಿಶ್ರಣವಾಗಿತ್ತು, 2007ರಲ್ಲಿ ಸ್ಟೀಲ್ ಆಯಿತು, ಆಮೇಲೆ ಹಿತ್ತಾಳೆ ಬಣ್ಣಕ್ಕೆ ತಿರುಗಿತು. ಎಲ್ಲವೂ ಚಲಾವಣೆಯ ನಾಣ್ಯಗಳೇ, ಆದರೆ ಸುರುಳಿಗೆ ಅವು ಬೇರೆ ಬೇರೆ. “ಮಷಿನ್ ರೊಕ್ಕ ಒಲ್ಲೆ ಅಂತದ” ಎಂದಾಗ ಎಷ್ಟೋ ಸಲ ಮಷಿನ್ ಕೆಟ್ಟಿರುವುದೇ ಇಲ್ಲ.

ನಾಣ್ಯ ಒಪ್ಪಿಗೆಯಾದರೆ ಒಂದು ವಿದ್ಯುತ್ ಮಿಡಿತ ಬೋರ್ಡಿಗೆ ಹೋಗುತ್ತದೆ. ಬೋರ್ಡು ರಿಲೇ ಒತ್ತಿ ಸೊಲೆನಾಯ್ಡ್ ವಾಲ್ವ್ ತೆರೆಯುತ್ತದೆ, ಬೇಕಾದರೆ ಪಂಪನ್ನೂ ಓಡಿಸುತ್ತದೆ. ನೀರು ಹರಿಯುವಾಗ ಪೈಪಿನೊಳಗಿನ ಪುಟ್ಟ ಚಕ್ರ ಸುತ್ತಿ ಸುತ್ತುಗಳನ್ನು ಬೋರ್ಡಿಗೆ ತಿಳಿಸುತ್ತದೆ. ಲೀಟರಿಗೆ 450 ಮಿಡಿತ ಕೊಡುವ ಸೆನ್ಸರ್ ಇದ್ದರೆ 20 ಲೀಟರಿನ ಕ್ಯಾನ್ ತುಂಬಿತೆನ್ನಲು 9,000 ಮಿಡಿತ ಬೇಕು. ಚಕ್ರಕ್ಕೆ ಕಸ ಸಿಕ್ಕಿ ನಿಧಾನವಾದರೆ ಬೋರ್ಡು ಎಣಿಸುತ್ತಲೇ ಇರುತ್ತದೆ, ಕ್ಯಾನ್ ತುಂಬಿ ಹೊರಗೆ ಚೆಲ್ಲುತ್ತದೆ. ಸೆನ್ಸರ್ ಬದಲು ಬರೀ ಟೈಮರ್ ಇರುವ ಮಷಿನ್‌ನಲ್ಲಿ ಇದು ಉಲ್ಟಾ: ಪಂಪಿನ ಒತ್ತಡ ಕಡಿಮೆಯಾದ ದಿನ ಅದೇ ಐದು ರೂಪಾಯಿಗೆ ಹದಿನೈದೇ ಲೀಟರ್.

ಈಗ ದೂರಿಗೆ ಬರೋಣ. ಲೈಟ್ ಹತ್ತಿದೆ, ನೀರಿಲ್ಲ.

ರಿಪೇರಿಗೆ ಬಂದವರು ಸಾಮಾನ್ಯವಾಗಿ ಜೇಬಿನಿಂದ ತೆಗೆಯುವುದು ಟೆಸ್ಟರ್. ಸ್ಕ್ರೂಡ್ರೈವರ್ ಆಕಾರದ ಆ ಸಾಧನದೊಳಗೆ ಒಂದು ನಿಯಾನ್ ದೀಪ, ಅದರ ಹಿಂದೆ ಸುಮಾರು 10 ಲಕ್ಷ ಓಂನ ಒಂದು ರೆಸಿಸ್ಟರ್. 230 ವೋಲ್ಟ್ ಮುಟ್ಟಿಸಿದರೆ ಹೆಚ್ಚೆಂದರೆ 0.23 ಮಿಲಿಆಂಪಿಯರ್ ಹರಿದು, ಮುಟ್ಟಿದವರ ಮೈಮೂಲಕ ನೆಲಕ್ಕಿಳಿಯುತ್ತದೆ. ಶಾಕ್ ಹೊಡೆಯದಿರುವುದು ಅದಕ್ಕೇ. ಆದರೆ ನಿಯಾನ್ ಸುಮಾರು 90 ವೋಲ್ಟ್ ಸಿಕ್ಕರೆ ಸಾಕು, ಹತ್ತಿಬಿಡುತ್ತದೆ. 120 ಇದ್ದರೂ ಹತ್ತುತ್ತದೆ, 230 ಇದ್ದರೂ ಹತ್ತುತ್ತದೆ, 380 ಇದ್ದರೂ ಹತ್ತುತ್ತದೆ. ಅದು ಹೇಳುವುದು ಇಲ್ಲಿ ಏನೋ ಇದೆ ಎಂದಷ್ಟೇ.

ಏನೋ ಇದ್ದರೆ ಸಾಲದು ಎನ್ನುವುದಕ್ಕೆ ಒಂದು ಲೆಕ್ಕ ನೋಡಿ. ಕಂಬದಿಂದ ಶೆಡ್ಡಿಗೆ ಬರುವ ಸರ್ವಿಸ್ ವೈರ್ ಅಲ್ಯೂಮಿನಿಯಂ, ಒಳಗಿನ ವೈರಿಂಗ್ ತಾಮ್ರ. ಎರಡನ್ನೂ ಹೊಸೆದು ಟೇಪ್ ಸುತ್ತಿಬಿಟ್ಟಿದ್ದರೆ ಮಳೆ, ತೇವಕ್ಕೆ ಆ ಜಾಯಿಂಟಿನಲ್ಲಿ ಅಲ್ಯೂಮಿನಿಯಂ ತುಕ್ಕು ಹಿಡಿಯುತ್ತದೆ. ಟೇಪ್ ಬಿಚ್ಚಿ ನೋಡಿದರೆ ಸುಣ್ಣದಂಥ ಬಿಳಿ ಪುಡಿ ಉದುರುತ್ತದೆ, ಅದರಡಿ ತಾಮ್ರದ ಎಳೆಗಳು ಹಸಿರಾಗಿರುತ್ತವೆ, ಒಂದೆರಡು ಎಳೆ ಸುಟ್ಟು ಕಪ್ಪಾಗಿ ಮುಟ್ಟಿದರೆ ಮುರಿಯುತ್ತವೆ. ಆ ಪುಡಿ ವಿದ್ಯುತ್ತನ್ನು ತಡೆಯುತ್ತದೆ. ಅಲ್ಲಿ 5 ಓಂ ತಡೆ ಹುಟ್ಟಿದೆ ಎಂದುಕೊಳ್ಳಿ. ಫಲಕದ ದೀಪ, ಬೋರ್ಡು ಎಲ್ಲ ಸೇರಿ 0.05 ಆಂಪಿಯರ್ ಎಳೆದರೆ ಅಲ್ಲಿ ಕಳೆದುಹೋಗುವುದು ಕಾಲು ವೋಲ್ಟ್. ದೀಪಕ್ಕೆ ಅದು ಗೊತ್ತೇ ಆಗುವುದಿಲ್ಲ. ಆದರೆ ಪಂಪಿನ ಮೋಟರ್ ಶುರುವಾಗುವಾಗ ಓಡುವ ಕರೆಂಟಿನ ಹಲವು ಪಟ್ಟು ಬೇಕು. ಅದು 20 ಆಂಪಿಯರ್ ಎಳೆಯಹೋದರೆ ಆ ಒಂದು ಜಾಯಿಂಟೇ 100 ವೋಲ್ಟ್ ನುಂಗುತ್ತದೆ. ಮೋಟರ್ ಗುಂಯ್ ಎಂದು ನಿಲ್ಲುತ್ತದೆ, ಬೋರ್ಡು ತತ್ತರಿಸಿ ಮತ್ತೆ ಮೊದಲಿಂದ ಶುರುವಾಗುತ್ತದೆ, ಹಾಕಿದ ನಾಣ್ಯದ ನೆನಪು ಅಳಿಸಿಹೋಗುತ್ತದೆ. ಹೊಸ ಬೋರ್ಡ್ ಹಾಕಿದರೂ ನಾಳೆ ಇದೇ ಕಥೆ.

ಟೆಸ್ಟರಿಗಿಂತ ಹೆಚ್ಚು ನಿಜ ಹೇಳುವ ದೀಪ ಒಂದಿದೆ. ಹೋಲ್ಡರಿಗೆ ಎರಡು ವೈರ್ ಕಟ್ಟಿದ 100 ವ್ಯಾಟಿನ ಹಳೆಯ ತಂತಿ ಬಲ್ಬ್. ಅದಕ್ಕೆ ಹತ್ತಲು ನಿಜವಾದ ಕರೆಂಟ್ ಬೇಕು, ಅರ್ಧ ಆಂಪಿಯರಿನ ಹತ್ತಿರ. ತಣ್ಣಗಿರುವಾಗ ಅದರ ತಂತಿಯ ತಡೆ ತೀರ ಕಡಿಮೆ, ಆದ್ದರಿಂದ ಹತ್ತುವ ಕ್ಷಣದಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಎಳೆಯುತ್ತದೆ. ಜಾಯಿಂಟ್ ಪೂರಾ ಸಡಿಲವಾಗಿದ್ದರೆ ಟೆಸ್ಟರ್ ಮಿಣಿಮಿಣಿ ಎನ್ನುತ್ತಿರುವಾಗಲೇ ಈ ಬಲ್ಬ್ ಕೆಂಪಗಾಗಿ ಕೂತುಬಿಡುತ್ತದೆ. ಅದೇ ಬಲ್ಬನ್ನು ಮಷಿನ್‌ಗೆ ಸೀರೀಸಿನಲ್ಲಿ ಕೊಟ್ಟರೆ ಶಾರ್ಟ್ ಕೂಡ ತಿಳಿಯುತ್ತದೆ. ಬಲ್ಬ್ ಪೂರ್ತಿ ಬೆಳಕಿನಿಂದ ಉರಿದರೆ ಒಳಗೆ ಶಾರ್ಟ್ ಆಗಿದೆ, ನೇರ ಕರೆಂಟ್ ಕೊಡುವ ಧೈರ್ಯ ಬೇಡ. ಎಲ್‌ಇಡಿ ಬಂದ ಮೇಲೆ ತಂತಿ ಬಲ್ಬ್ ಅಂಗಡಿಗಳಿಂದ ಮಾಯವಾಗುತ್ತಿದೆ. ಸಿಕ್ಕಾಗ ನಾಲ್ಕು ತೆಗೆದಿಟ್ಟುಕೊಳ್ಳುವುದು ಜಾಣತನ.

ಟೆಸ್ಟರಿನ ಇನ್ನೊಂದು ಸುಳ್ಳು ಇದಕ್ಕಿಂತ ಅಪಾಯದ್ದು. ಪ್ಲಗ್ಗಿನ ಎರಡೂ ತೂತಿನಲ್ಲಿ ಟೆಸ್ಟರ್ ಹತ್ತುತ್ತದೆ, ಆದರೆ ಏನೂ ಓಡುವುದಿಲ್ಲ. ಕರೆಂಟ್ ಡಬಲ್ ಬಂದಿದೆ ಎಂದು ಜನ ಅಂದುಕೊಳ್ಳುತ್ತಾರೆ. ಆಗಿರುವುದು ನ್ಯೂಟ್ರಲ್ ಕಡಿತ. ಫೇಸಿನಿಂದ ಹೊರಟ ಕರೆಂಟ್ ಆನ್ ಆಗಿರುವ ಯಾವುದೋ ಬಲ್ಬಿನ ಮೂಲಕ ಹಾದು ನ್ಯೂಟ್ರಲ್ ವೈರಿಗೆ ಬಂದು, ವಾಪಸ್ ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತಿರುತ್ತದೆ. ನ್ಯೂಟ್ರಲ್ ಎಂದು ನಂಬಿ ಆ ವೈರ್ ಮುಟ್ಟಿದವರಿಗೆ ಫೇಸ್ ಮುಟ್ಟಿದಷ್ಟೇ ಶಾಕ್.

ಇದು ಒಂದು ಮನೆಯೊಳಗಿನ ಮಾತು. ನ್ಯೂಟ್ರಲ್ ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರದ ಕಂಬದಲ್ಲೇ ಕಡಿದರೆ ಓಣಿಗೆ ಓಣಿಯೇ ಸಿಕ್ಕಿಬೀಳುತ್ತದೆ. ಟಿಸಿಯಿಂದ ಮೂರು ಫೇಸ್, ಒಂದು ನ್ಯೂಟ್ರಲ್ ಹೊರಡುತ್ತವೆ. ಯಾವುದೇ ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಎರಡು ಫೇಸುಗಳ ನಡುವೆ 400. ನ್ಯೂಟ್ರಲ್ ಹೋದರೆ ಬೇರೆ ಬೇರೆ ಫೇಸಿನ ಎರಡು ಮನೆಗಳು ಒಂದಕ್ಕೊಂದು ಸೀರೀಸಾಗಿ ಆ 400 ವೋಲ್ಟನ್ನು ಹಂಚಿಕೊಳ್ಳಬೇಕಾಗುತ್ತದೆ, ಅದೂ ಸಮವಾಗಲ್ಲ. ಒಂದು ಕಡೆ 1,000 ವ್ಯಾಟಿನ ನೀರು ಕಾಯಿಸುವ ಕಾಯ್ಲ್, ಇನ್ನೊಂದು ಕಡೆ 100 ವ್ಯಾಟಿನ ಹೊರೆ ಇದ್ದರೆ ಕಾಯ್ಲಿಗೆ ಸುಮಾರು 36 ವೋಲ್ಟ್ ಸಿಗುತ್ತದೆ, ಪಾಪ ಆ ಚಿಕ್ಕ ಹೊರೆಯ ಮೇಲೆ 364 ವೋಲ್ಟ್ ಎರಗುತ್ತದೆ. ಒಂದು ಮನೆಯಲ್ಲಿ ದೀಪ ಮಂಕಾಗಿ, ಪಕ್ಕದ ಮನೆಯಲ್ಲಿ ಕಣ್ಣು ಕುಕ್ಕುವಷ್ಟು ಪ್ರಖರವಾದರೆ ಕಾರಣ ಇದೇ. ನಾಣ್ಯದ ಮಷಿನ್ ಎರಡನೆಯ ಸಾಲಿನಲ್ಲಿದ್ದರೆ ಬೋರ್ಡಿನ ಮೇಲಿನ ವೋಲ್ಟೇಜ್ ತಡೆಯುವ ಬಿಲ್ಲೆಯಾಕಾರದ ಭಾಗ ಒಡೆದು ಮಸಿ ಹಾರಿರುತ್ತದೆ. ಅಂಥ ಮಸಿ ಕಂಡ ಕೂಡಲೇ ಹೊಸ ಬೋರ್ಡ್ ಹಾಕುವ ಮೊದಲು ಮೀಟರಿನಲ್ಲಿ ವೋಲ್ಟೇಜ್ ಅಳೆಯಬೇಕು, ಹೆಸ್ಕಾಂ ಲೈನ್‌ಮನ್‌ರನ್ನು ಕರೆಯಬೇಕು. ಕಂಬ ಹತ್ತುವುದು ಬೇರೆ ಯಾರ ಕೆಲಸವೂ ಅಲ್ಲ.

ಹಳ್ಳಿಯಿಂದ ನಗರಕ್ಕೆ ಬಂದರೆ ಮಷಿನ್ ಬದಲಾಗುತ್ತದೆ. ವಿಜಯಪುರದ ಗಾಂಧಿ ಚೌಕದ ಸುತ್ತಮುತ್ತ, ಬಸ್ ನಿಲ್ದಾಣದ ಎದುರು, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಬಾಯಾರಿಕೆ ತಣಿಸುವುದು ಗಾಜಿನ ಬಾಗಿಲಿನ ಕೂಲರ್, ಬಣ್ಣದ ಲೈಟು ಮಿಣುಕುವ ಸೋಡಾ ಮಷಿನ್. ಅಮೆರಿಕ, ಜಪಾನಿನಂತೆ ರಸ್ತೆ ಬದಿಯಲ್ಲಿ ತಾನೇ ಬಾಟಲಿ ಉದುರಿಸುವ ಮಷಿನ್ ನಮ್ಮಲ್ಲಿ ಅಪರೂಪ. ಅದರ ಕೆಲಸವನ್ನು ಕೂಲರ್ ಮತ್ತು ಅಂಗಡಿಯ ಅಣ್ಣ ಸೇರಿ ಮಾಡುತ್ತಾರೆ. ಒಳಗಿನ ವಿದ್ಯುತ್ ವ್ಯವಸ್ಥೆ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ: ಕಂಪ್ರೆಸರ್, ಫ್ಯಾನ್, ಥರ್ಮೋಸ್ಟಾಟ್, ಮತ್ತು ಗಿರಾಕಿಯ ಕಣ್ಣು ಸೆಳೆಯುವ ಟ್ಯೂಬ್‌ಲೈಟ್.

ಹಳೆಯ ಕೂಲರಿನ ಟ್ಯೂಬ್‌ಲೈಟ್ ಒಂದು ಸೊಗಸಾದ ವಿಜ್ಞಾನ. ಸ್ವಿಚ್ ಒತ್ತಿದಾಗ ಮೊದಲು ಹತ್ತುವುದು ಟ್ಯೂಬಲ್ಲ, ಸ್ಟಾರ್ಟರ್. ಅದರೊಳಗಿನ ಅನಿಲ ಹೊಳೆದು, ಆ ಬಿಸಿಗೆ ಎರಡು ಲೋಹದ ಪಟ್ಟಿ ಬಾಗಿ ಒಂದನ್ನೊಂದು ಮುಟ್ಟುತ್ತದೆ. ಆಗ ಕರೆಂಟ್ ಚೋಕ್ ಮೂಲಕ ಟ್ಯೂಬಿನ ಎರಡು ತುದಿಯ ತಂತಿಗಳನ್ನು ಕಾಯಿಸುತ್ತದೆ. ಮುಟ್ಟಿದ ಮೇಲೆ ಹೊಳಪು ನಿಂತು ಪಟ್ಟಿ ತಣ್ಣಗಾಗಿ ಬಿಟ್ಟುಕೊಳ್ಳುತ್ತದೆ. ಆ ಬಿಡುವ ಗಳಿಗೆಯಲ್ಲಿ ಚೋಕ್ ತನ್ನಲ್ಲಿದ್ದ ಕಾಂತಶಕ್ತಿಯನ್ನು ಹಲವು ನೂರು ವೋಲ್ಟಿನ ಒಂದು ಏಟಾಗಿ ಒದೆಯುತ್ತದೆ, ಟ್ಯೂಬಿನೊಳಗಿನ ಅನಿಲ ವಿದ್ಯುತ್ತಿಗೆ ದಾರಿ ಬಿಡುತ್ತದೆ. ವೋಲ್ಟೇಜ್ ಕಡಿಮೆಯಿದ್ದರೆ ಈ ಏಟು ಸಾಲದು, ಹತ್ತಿದರೂ ನಿಲ್ಲದು. ಸ್ಟಾರ್ಟರ್ ಮತ್ತೆ ಮತ್ತೆ ಯತ್ನಿಸುತ್ತದೆ. ಟ್ಯೂಬ್ ಪಕಪಕ ಎನ್ನುವುದು, ತುದಿಗಳು ಕಪ್ಪಾಗುವುದು ಈ ಪರದಾಟದಿಂದ. ಕೂಲರಿನ ಒಳಗಿನ ಟ್ಯೂಬಿಗೆ ಇನ್ನೊಂದು ಕಷ್ಟ ಚಳಿ. ಕೋಣೆಯ ಹದ ಬಿಸಿಯಲ್ಲಿ ಚೆನ್ನಾಗಿ ಬೆಳಗುವ ಟ್ಯೂಬು 5 ಡಿಗ್ರಿಯಲ್ಲಿ ಪಾದರಸದ ಆವಿ ಇಳಿದು ಮಂಕಾಗುತ್ತದೆ. ಹೊಸ ಟ್ಯೂಬ್ ಹಾಕಿದರೂ ಬೆಳಕಿಲ್ಲ ಎಂದು ಚೋಕ್ ಬದಲಿಸುವವರಿದ್ದಾರೆ. ಅಲ್ಲಿ ಕೆಟ್ಟದ್ದು ಏನೂ ಇರುವುದಿಲ್ಲ.

ಚೋಕ್, ಸ್ಟಾರ್ಟರ್, ಟ್ಯೂಬ್ ಮೂರೂ ಸರಿಯಿದ್ದು ಬಾಗಿಲು ತೆರೆದಾಗ ಹತ್ತಿ ಮುಚ್ಚಿದಾಗ ಆರಿದರೆ, ಅಥವಾ ಬಾಗಿಲಿಗೊಂದು ಗುದ್ದು ಕೊಟ್ಟರೆ ಹತ್ತಿದರೆ, ಕೈ ಹಾಕಬೇಕಾದ್ದು ಕೀಲಿನ ಕಡೆ. ದೀಪ ಬಾಗಿಲಲ್ಲೇ ಇರುವ ಮಷಿನ್‌ಗಳಲ್ಲಿ ವೈರು ಕೀಲಿನ ಪಕ್ಕದಿಂದ ಹಾದಿರುತ್ತದೆ. ದಿನಕ್ಕೆ ನೂರಾರು ಸಲ ಬಾಗಿಲು ತೆಗೆದು ಹಾಕಿದಾಗ ಅದು ಅಷ್ಟೇ ಸಲ ಮಡಚುತ್ತದೆ. ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಮುರಿಯುತ್ತವೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಕಣ್ಣಿಗೆ ಕಾಣದ ಈ ಮುರಿತವನ್ನು ಹಿಡಿಯಲು ಪ್ಲಗ್ ಕಿತ್ತು, ಮಲ್ಟಿಮೀಟರನ್ನು ಬೀಪ್ ಸದ್ದಿಗೆ ಇಟ್ಟು, ಎರಡು ತುದಿಗೆ ಹಚ್ಚಿ, ಕೀಲಿನ ಹತ್ತಿರ ವೈರನ್ನು ಮೆಲ್ಲಗೆ ಅಲ್ಲಾಡಿಸಬೇಕು. ಸದ್ದು ತುಂಡಾದರೆ ರೋಗ ಸಿಕ್ಕಿತು. ಅಲ್ಲೇ ಕತ್ತರಿಸಿ ಗಂಟು ಹಾಕಿದರೆ ಗಂಟಿನ ಪಕ್ಕದಲ್ಲಿ ಮತ್ತೆ ಮುರಿಯುತ್ತದೆ. ಸಣ್ಣ ಎಳೆಗಳ ಮೆತ್ತನೆ ವೈರನ್ನು ಕೀಲಿನ ಆಚೆಯಿಂದ ಈಚೆಯವರೆಗೆ ಇಡಿಯಾಗಿ ಹಾಕಿ, ಸ್ವಲ್ಪ ಸಡಿಲ ಬಿಡುವುದು ಸರಿಯಾದ ರಿಪೇರಿ.

ಟ್ಯೂಬ್ ತೆಗೆದು ಎಲ್‌ಇಡಿ ಪಟ್ಟಿ ಹಾಕುವುದು ಈಗ ವಾಡಿಕೆ, ಸರಿಯಾದದ್ದೂ ಹೌದು. 2023ರಲ್ಲಿ ನಡೆದ ಮಿನಮಾಟ ಒಪ್ಪಂದದ ಸಭೆ, ಪಾದರಸವಿರುವ ಈ ಉದ್ದ ಟ್ಯೂಬುಗಳ ತಯಾರಿಕೆಯನ್ನು 2027ರ ಕೊನೆಯೊಳಗೆ ನಿಲ್ಲಿಸಬೇಕೆಂದು ತೀರ್ಮಾನಿಸಿದೆ. ಆದರೆ ಬದಲಿಸುವ ರೀತಿ ಮುಖ್ಯ. ಸ್ಟಾರ್ಟರ್ ಕಿತ್ತು, ಚೋಕ್ ಬಿಟ್ಟು, 230 ವೋಲ್ಟನ್ನು ನೇರವಾಗಿ ಹೋಲ್ಡರಿಗೆ ಕೊಟ್ಟ ಮೇಲೆ ಅದರಲ್ಲಿ ಯಾರಾದರೂ ತಿಳಿಯದೆ ಹಳೆಯ ಟ್ಯೂಬ್ ಸಿಕ್ಕಿಸಿದರೆ ತುದಿಯ ತಂತಿ ಆ ಕ್ಷಣವೇ ಸುಟ್ಟುಹೋಗಬಹುದು, ಗಾಜು ಸಿಡಿಯಲೂಬಹುದು. ‘ಎಲ್‌ಇಡಿ ಮಾತ್ರ’ ಎಂದು ಒಂದು ಚೀಟಿ ಅಂಟಿಸಲು ಎರಡು ನಿಮಿಷ ಸಾಕು, ಆದರೂ ಅಂಟಿಸಿದ್ದು ಕಾಣುವುದು ಕಡಿಮೆ.

ಎಲ್‌ಇಡಿಯಿಂದ ಒಂದು ನಷ್ಟವೂ ಆಗಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಹಳೆಯ ಟ್ಯೂಬ್ ಪಕಪಕ ಎಂದಾಗ ಅಂಗಡಿಯವರು “ಕರೆಂಟ್ ಡಿಮ್ ಅದ” ಎಂದು ಕೂಲರ್ ಬಂದ್ ಮಾಡುತ್ತಿದ್ದರು. ಎಲ್‌ಇಡಿಯ ಒಳಗಿನ ಡ್ರೈವರನ್ನು 100ರಿಂದ 300 ವೋಲ್ಟಿನವರೆಗೆ ಏನೇ ಬರಲಿ, ಅಷ್ಟೇ ಬೆಳಕು ಕೊಡುವಂತೆ ಮಾಡಿರುತ್ತಾರೆ. ವೋಲ್ಟೇಜ್ 170ಕ್ಕೆ ಇಳಿದರೂ ಕೂಲರ್ ಝಗಝಗಿಸುತ್ತಿರುತ್ತದೆ. ಕಂಪ್ರೆಸರಿನ ಕಥೆ ಬೇರೆ. ಅದರ ಮೋಟರ್ ಶುರುವಾಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರಿಂದ 170ಕ್ಕೆ ಬಂದರೆ ಉಳಿಯುವುದು ಶೇ 55ರಷ್ಟು ಬಲ. ಮೋಟರ್ ತಿರುಗದೆ ನಿಂತು ಕರೆಂಟ್ ಎಳೆಯುತ್ತ ಕಾಯುತ್ತದೆ, ರಕ್ಷಣೆಗಿಟ್ಟ ಓವರ್‌ಲೋಡ್ ಟಕ್ ಎಂದು ಕತ್ತರಿಸುತ್ತದೆ, ಆರಿದ ಮೇಲೆ ಮತ್ತೆ ಟಕ್ ಎಂದು ಸೇರುತ್ತದೆ. ಒಂದು ದಿನ ಸುರುಳಿಯೇ ಸುಟ್ಟುಹೋಗುತ್ತದೆ. ಅಲ್ಲಿಯವರೆಗೂ ದೀಪ ನಗುತ್ತಲೇ ಇರುತ್ತದೆ. ಕೂಲರ್ ರೋಗ ಹಿಡಿಯಲು ಕಣ್ಣಿಗಿಂತ ಕಿವಿ ವಾಸಿ: ಕೆಲವು ನಿಮಿಷಕ್ಕೊಮ್ಮೆ ಆ ಟಕ್ ಸದ್ದು ಬಂದರೆ ಬಂದ್ ಮಾಡಿ. ಕರೆಂಟ್ ಹೋಗಿ ಬಂದಾಗ ಮೂರರಿಂದ ಐದು ನಿಮಿಷ ತಡೆದು ಶುರು ಮಾಡುವ ಸ್ಟೆಬಿಲೈಜರ್ ಇದ್ದರೆ ಒಳಗಿನ ಗ್ಯಾಸಿನ ಒತ್ತಡ ಸಮವಾಗಿ ಕಂಪ್ರೆಸರಿನ ಆಯಸ್ಸು ಹೆಚ್ಚುತ್ತದೆ.

ಬೋರ್ಡ್ ಕೆಡುವುದೇ ಇಲ್ಲ ಎಂದಲ್ಲ. ಕೆಟ್ಟಾಗ ಅದರಲ್ಲೂ ಸಾಮಾನ್ಯವಾಗಿ ಕೈಕೊಡುವುದು ಬುದ್ಧಿವಂತ ಚಿಪ್ ಅಲ್ಲ, ವಿದ್ಯುತ್ ಒದಗಿಸುವ ಭಾಗದ ಕೆಪಾಸಿಟರ್. ಅದರೊಳಗೊಂದು ದ್ರವವಿದೆ, ಬಿಸಿಗೆ ಅದು ನಿಧಾನವಾಗಿ ಆರುತ್ತದೆ. ಪ್ರತಿ 10 ಡಿಗ್ರಿ ಹೆಚ್ಚಿದಂತೆ ಅದರ ಆಯಸ್ಸು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಅಂದಾಜು. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರ್ 65 ಡಿಗ್ರಿಯಲ್ಲಿ 32,000 ಗಂಟೆ ಬಾಳುತ್ತದೆ, ಅಂದರೆ ಮೂರೂವರೆ ವರ್ಷಕ್ಕೂ ಹೆಚ್ಚು. 75 ಡಿಗ್ರಿಯಾದರೆ ಎರಡು ವರ್ಷವೂ ಇಲ್ಲ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ವಿಜಯಪುರ ಸೀಮೆಯಲ್ಲಿ, ಪಶ್ಚಿಮಕ್ಕೆ ಮುಖ ಮಾಡಿದ ತಗಡಿನ ಶೆಡ್ಡಿನೊಳಗೆ, ಮುಚ್ಚಿದ ಡಬ್ಬಿಯಲ್ಲಿ ಆ ಬಿಸಿ ಅಸಾಧ್ಯವೇನಲ್ಲ. ತಲೆ ಉಬ್ಬಿದ ಕೆಪಾಸಿಟರ್ ಬದಲಿಸಲು ಹತ್ತಿಪ್ಪತ್ತು ರೂಪಾಯಿಯ ಭಾಗ, ಒಂದಿಷ್ಟು ಬೆಸುಗೆ ಸಾಕು. ಮಷಿನ್ ಬಂದ್ ಮಾಡಿದ ಮೇಲೂ ಅದರಲ್ಲಿ 325 ವೋಲ್ಟ್ ಉಳಿದಿರಬಹುದು ಎಂಬುದು ನೆನಪಿರಬೇಕು. ಶೆಡ್ಡಿಗೊಂದು ನೆರಳು, ಡಬ್ಬಿಗೆ ಗಾಳಿಯಾಡುವ ಜಾಲರಿ ಮಾಡಿದರೆ ಬೋರ್ಡ್ ರಿಪೇರಿಯವರಿಗೆ ಕೆಲಸ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಸುಳ್ಳು ಹೇಳುವ ದೀಪ ನೀರಿನ ಘಟಕದೊಳಗೇ ಇದೆ, ಸ್ಟೀಲಿನ ಕೊಳವೆಯಲ್ಲಿ ಅಡಗಿ ಕೂತಿದೆ. ಆರ್‌ಓ ಆದ ನೀರಿನ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಅನೇಕ ಘಟಕಗಳಲ್ಲಿ ಯುವಿ ಲ್ಯಾಂಪ್ ಇರುತ್ತದೆ. ಅದು ಟ್ಯೂಬ್‌ಲೈಟಿನ ಒಡಹುಟ್ಟು. ಟ್ಯೂಬ್‌ಲೈಟಿನಲ್ಲೂ ಪಾದರಸದ ಆವಿ ಹೊಮ್ಮಿಸುವುದು ಅತಿನೇರಳೆ ಕಿರಣವನ್ನೇ, ಒಳಗೆ ಬಳಿದ ಬಿಳಿ ಪುಡಿ ಅದನ್ನು ಕಣ್ಣಿಗೆ ಕಾಣುವ ಬೆಳಕಾಗಿಸುತ್ತದೆ. ಯುವಿ ಲ್ಯಾಂಪಿನಲ್ಲಿ ಆ ಪುಡಿ ಇಲ್ಲ, ಗಾಜಿನ ಬದಲು ಸ್ಫಟಿಕ ಶಿಲೆಯ ಕೊಳವೆ. 254 ನ್ಯಾನೋಮೀಟರಿನ ಕಿರಣ ಹೊರಬಂದು ಸೂಕ್ಷ್ಮಜೀವಿಗಳ ಡಿಎನ್‌ಎ ಕೆಡಿಸುತ್ತದೆ, ಅವು ಸಂತಾನ ಬೆಳೆಸಲಾರವು.

ಆ ಕಿರಣ ಕಣ್ಣಿಗೆ ಕಾಣುವುದಿಲ್ಲ, ನೋಡಲೂಬಾರದು, ಕಣ್ಣು ಸುಡುತ್ತದೆ. ಸೂಚನೆಗೆ ಇಟ್ಟ ಕಿಂಡಿಯಲ್ಲಿ ಕಾಣುವ ತಿಳಿನೀಲಿ ಹೊಳಪು ಅದರ ಜೊತೆಗೆ ಬರುವ ಪುಡಿ ಬೆಳಕು ಮಾತ್ರ. ಸಾಧಾರಣ ಲ್ಯಾಂಪಿನ ಉಪಯುಕ್ತ ಆಯಸ್ಸು ಸುಮಾರು 9,000 ಗಂಟೆ, ಎಡೆಬಿಡದೆ ಉರಿದರೆ ಒಂದು ವರ್ಷ. ಆಮೇಲೆ ಕೊಲ್ಲುವ ಕಿರಣ ಇಳಿಯುತ್ತ ಹೋಗುತ್ತದೆ, ನೀಲಿ ಹೊಳಪು ಹಾಗೇ ಇರುತ್ತದೆ. ಲ್ಯಾಂಪಿನ ಹೊರಕವಚಕ್ಕೆ ಕೊಳೆಯ ಪೊರೆ ಹಿಡಿದರೂ ಅಷ್ಟೇ. ನೋಡುವವರಿಗೆ ಎಲ್ಲ ಸರಿಯಿದೆ, ಕ್ಯಾನಿನ ನೀರಿಗೆ ಕಾವಲಿಲ್ಲ. ಮೂರು ವರ್ಷದಿಂದ ಲ್ಯಾಂಪ್ ಬದಲಿಸಿಯೇ ಇಲ್ಲ, ಇನ್ನೂ ಚೆನ್ನಾಗಿ ಉರಿಯುತ್ತಿದೆ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಅದು ಹೆಮ್ಮೆಯ ಮಾತಲ್ಲ.

ದೀಪವೇ ಇಲ್ಲದ, ಆದರೆ ಜೀವಕ್ಕೆ ನೇರ ಸಂಬಂಧಪಟ್ಟ ಇನ್ನೊಂದು ಭಾಗ ಅರ್ಥಿಂಗ್. ನೀರಿನ ಮಷಿನ್ ಮುಟ್ಟುವವರ ಕೈ ಒದ್ದೆ, ಕಾಲು ಬರಿಗಾಲು, ನಿಂತ ನೆಲ ಕೆಸರು. ಒಳಗೆ ಫೇಸ್ ವೈರ್ ಸವೆದು ಸ್ಟೀಲಿಗೆ ತಾಗಿತು ಎಂದಿಟ್ಟುಕೊಳ್ಳಿ. ಎಂಸಿಬಿ ಬೀಳುತ್ತದಲ್ಲ ಎಂಬ ಧೈರ್ಯ ಜನಕ್ಕಿದೆ. ಲೆಕ್ಕ ಹಾಗೆನ್ನುವುದಿಲ್ಲ. ಅರ್ಥ್ ಕುಳಿಯ ತಡೆ 20 ಓಂ ಇದ್ದರೆ 230 ವೋಲ್ಟಿಗೆ ಹರಿಯುವುದು 11.5 ಆಂಪಿಯರ್. ಮೋಟರಿಗೆ ಹಾಕಿದ 16 ಆಂಪಿಯರಿನ ಎಂಸಿಬಿ ಅದನ್ನು ಮಾಮೂಲಿ ಹೊರೆ ಎಂದೇ ತಿಳಿದು ಸುಮ್ಮನಿರುತ್ತದೆ, ಸ್ಟೀಲ್ ಫಲಕದ ಮೇಲೆ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಕೂತಿರುತ್ತದೆ. ಫೇಸಿನಲ್ಲಿ ಹೋದ ಕರೆಂಟ್, ನ್ಯೂಟ್ರಲ್‌ನಲ್ಲಿ ವಾಪಸ್ ಬಂದ ಕರೆಂಟ್ ಎರಡನ್ನೂ ತೂಗಿ ನೋಡಿ, 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸುವ ಸಾಧನ ಬೇರೆ ಇದೆ, ಆರ್‌ಸಿಸಿಬಿ. ಎಂಸಿಬಿ ವೈರನ್ನು ಕಾಯುತ್ತದೆ, ಆರ್‌ಸಿಸಿಬಿ ಮನುಷ್ಯರನ್ನು ಕಾಯುತ್ತದೆ.

ಎರೆ ಭೂಮಿಯ ಅರ್ಥಿಂಗಿಗೆ ಅದರದೇ ಸ್ವಭಾವ. ಹಸಿಯಿದ್ದಾಗ ಕರಿಮಣ್ಣಿನಷ್ಟು ಚೆನ್ನಾಗಿ ವಿದ್ಯುತ್ತನ್ನು ಒಯ್ಯುವ ಮಣ್ಣು ಕಡಿಮೆ. ಬೇಸಿಗೆಯಲ್ಲಿ ಅದೇ ಮಣ್ಣು ಕೈ ಹೋಗುವಷ್ಟು ಅಗಲ ಬಿರುಕು ಬಿಟ್ಟು, ಹುಗಿದ ಪೈಪಿನಿಂದ ಸರಿದು ನಿಲ್ಲುತ್ತದೆ. ಮಷಿನ್‌ಗೆ ಗಿರಾಕಿ ಹೆಚ್ಚುವ ತಿಂಗಳುಗಳಲ್ಲೇ ಅರ್ಥಿಂಗ್ ಸತ್ತಿರುತ್ತದೆ. ಮದ್ದು ಪಕ್ಕದಲ್ಲೇ ಹರಿದುಹೋಗುತ್ತಿದೆ. ಆರ್‌ಓ ಹೊರಹಾಕುವ ಸವಳು ನೀರನ್ನು ಒಂದಿಷ್ಟು ಅರ್ಥ್ ಕುಳಿಗೆ ಬಿಟ್ಟರೆ ಮಣ್ಣು ಹಸಿಯಾಗಿರುತ್ತದೆ, ಅದರಲ್ಲಿರುವ ಲವಣ ವಿದ್ಯುತ್ತಿಗೆ ದಾರಿಯನ್ನೂ ಸುಲಭ ಮಾಡುತ್ತದೆ. ಲವಣಕ್ಕೆ ಜಿಐ ಪೈಪ್ ಬೇಗ ತುಕ್ಕು ಹಿಡಿಯುವುದರಿಂದ ವರ್ಷಕ್ಕೊಮ್ಮೆ ಕುಳಿ ಬಗೆದು ಕ್ಲ್ಯಾಂಪ್ ನೋಡಬೇಕಷ್ಟೆ.

ತಿಕೋಟಾ, ಬಬಲೇಶ್ವರದ ಪಂಚಾಯಿತಿಗಳಿಗೂ ನಗರದ ಅಂಗಡಿಯವರಿಗೂ ಕೇಳಿಕೊಳ್ಳುವುದು ಇಷ್ಟೇ. ಯುಗಾದಿಗೆ ಮೊದಲು ಒಮ್ಮೆ ಮಷಿನ್ ಬಾಗಿಲು ತೆಗೆಸಿ, ಸರ್ವಿಸ್ ವೈರಿನ ಜಾಯಿಂಟ್ ಬಿಚ್ಚಿ ನೋಡಿಸಿ, ಯುವಿ ಲ್ಯಾಂಪ್ ಹಾಕಿದ ತಾರೀಖನ್ನು ಕೊಳವೆಯ ಮೇಲೆ ಮಾರ್ಕರಿನಲ್ಲಿ ಬರೆಸಿ. ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಗುರುತಿರುವ ಒಂದು ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಅದನ್ನು ಒತ್ತಿ. ಒತ್ತಿದ ಕೂಡಲೇ ಕರೆಂಟ್ ಹೋಗಬೇಕು. ಹೋಗದಿದ್ದರೆ, ಅಥವಾ ಅಂಥ ಗುಂಡಿಯೇ ನಿಮ್ಮ ಮಷಿನ್‌ನಲ್ಲಿ ಇಲ್ಲದಿದ್ದರೆ, ಸರಿಯಾದ ಆರ್‌ಸಿಸಿಬಿ ಹಾಕಿಸುವವರೆಗೆ ನಲ್ಲಿ ಮುಟ್ಟಲು ಯಾರನ್ನೂ ಬಿಡಬೇಡಿ.